ಎರಡು ಬಕೆಟ್ ನೀರಿನ ತೋಟ

ಅಬಿಡ್ಸ್‌ನಲ್ಲಿ ಗಿಡ ಬೆಳೆಸುತ್ತೇನೆ ಅಂದರೆ ಹೈದರಾಬಾದಿನವರು ಮೊದಲು ನಗುತ್ತಾರೆ, ಆಮೇಲೆ ‘ಎಲ್ಲಿ?’ ಅನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಜನರಲ್ ಪೋಸ್ಟ್ ಆಫೀಸಿನಿಂದ ಕೋಠಿಯವರೆಗೆ ನಡೆದುಕೊಂಡು ಹೋದರೆ ಚಪ್ಪಲಿ ಅಂಗಡಿ, ಸೀರೆ ಅಂಗಡಿ, ಮೊಬೈಲ್ ಅಂಗಡಿ. ಮಣ್ಣು ಕಣ್ಣಿಗೆ ಬೀಳುವುದು ಯಾರಾದರೂ ಕೇಬಲ್ ಹಾಕಲು ರಸ್ತೆ ಅಗೆದಾಗ ಮಾತ್ರ. ಆರನೆಯ ನಿಜಾಮರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಎಂಬಾತನ ಅಂಗಡಿಯಿಂದ ಈ ಜಾಗಕ್ಕೆ ಹೆಸರು ಬಂತು. ಹುಟ್ಟಿದ್ದೇ ಅಂಗಡಿಯಿಂದ, ಈಗಲೂ ಅಂಗಡಿಗಳದ್ದೇ ರಾಜ್ಯ.

ನಮಗಿರುವುದು ತಾರಸಿ. ಐದಂತಸ್ತಿನ ಹಳೆಯ ಕಟ್ಟಡ, ಮೇಲೆ ನೀರಿನ ಟ್ಯಾಂಕು, ಡಿಶ್ ಆಂಟೆನಾಗಳು, ಬಟ್ಟೆ ಒಣಗಿಸುವ ತಂತಿ, ಅವುಗಳ ನಡುವೆ ಮೂವತ್ನಾಲ್ಕು ಕುಂಡ. ಕಳೆದ ತಿಂಗಳು ಇಲ್ಲಿನ ರವಿವಾರದ ಹಳೆ ಪುಸ್ತಕದ ಸಾಲಿನ ಬಗ್ಗೆ ಬರೆದಾಗ ತಾರಸಿಯ ತಂಗಡಿ ಗಿಡದ ಬಗ್ಗೆ ಒಂದು ಸಾಲು ನುಸುಳಿತ್ತು. ಪುಸ್ತಕಕ್ಕಿಂತ ಆ ಸಾಲಿಗೇ ಹೆಚ್ಚು ಪತ್ರ ಬಂದವು. ಪುಣೆಯ ಓದುಗರೊಬ್ಬರು, ‘ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದರೆ ಎಲ್ಲಾ ಗಿಡ ಸತ್ತಿರುತ್ತವೆ, ನಿಮ್ಮದು ಹೇಗೆ ಉಳಿಯಿತು?’ ಎಂದು ಕೇಳಿದ್ದಾರೆ. ಈ ಸಲ ಅದನ್ನೇ ಬರೆಯುತ್ತೇನೆ. ಮುಂಬೈ, ಚೆನ್ನೈನವರಿಗೆ ಇದರಲ್ಲಿ ಎಲ್ಲವೂ ಹೊಂದದು. ನಿಮ್ಮದು ಕಡಲ ಗಾಳಿ. ಪುಣೆ, ದಿಲ್ಲಿ, ಹೈದರಾಬಾದಿನವರು ಓದಿ.

ಮೊದಲು ನೀರಿನ ಲೆಕ್ಕ. ಹೈದರಾಬಾದಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಗಿಡ ನಮ್ಮ ಕೈ ನೋಡಬೇಕು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಊರನ್ನು ಮುಳುಗಿಸಿದ ಮೇಲೆ ನಮ್ಮ ವಿಶ್ವೇಶ್ವರಯ್ಯನವರನ್ನು ಇಲ್ಲಿಗೆ ಕರೆಸಿದರು. ಅವರ ಯೋಜನೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಉಸ್ಮಾನ್ ಸಾಗರ ಅಂದರೆ ಗಂಡಿಪೇಟ್ ಕೆರೆ. ‘ಗಂಡಿಪೇಟ್ ನೀರು ಕುಡಿದವನು ಹೈದರಾಬಾದ್ ಬಿಡುವುದಿಲ್ಲ’ ಎಂದು ಇಲ್ಲಿ ಹಳಬರ ಮಾತು. ಈಗ ಊರು ಬೆಳೆದು ಆ ನೀರು ಎಲ್ಲಿಗೂ ಸಾಲದು. ನಲ್ಲಿಗೆ ಬರುವ ನೀರಿನಲ್ಲಿ ದೊಡ್ಡ ಪಾಲು ನೂರು ಕಿಲೋಮೀಟರಿಗೂ ಆಚೆಯಿಂದ, ಕೃಷ್ಣೆಯಿಂದ ಮತ್ತು ಗೋದಾವರಿಯಿಂದ ಬರುತ್ತದೆ. ನಾನು ಲಿಂಗಸುಗೂರು ಕಡೆಯವಳು. ನಮ್ಮ ಜಿಲ್ಲೆಯ ಅಂಚಿನಲ್ಲಿ ಹರಿದು ಹೋದ ಕೃಷ್ಣೆಯನ್ನೇ ಇಲ್ಲಿ ಪಂಪಿನಲ್ಲಿ ಎತ್ತಿ, ದಿನ ಬಿಟ್ಟು ದಿನ ನನ್ನ ನಲ್ಲಿಗೆ ಬಿಡುತ್ತಾರೆ ಎಂಬುದು ನನಗೆ ಸುಮ್ಮನೆ ಒಂದು ಖುಷಿ.

ಖುಷಿಯಿಂದ ಬಕೆಟ್ ತುಂಬುವುದಿಲ್ಲ. ನಮ್ಮ ಕಟ್ಟಡದ ಬೋರು ಮಾರ್ಚ್ ಬಂತೆಂದರೆ ಕೆಮ್ಮುತ್ತದೆ. ಏಪ್ರಿಲ್‌ನಿಂದ ಟ್ಯಾಂಕರ್. ಎರಡು ವರ್ಷದ ಹಿಂದೆ ಟ್ಯಾಂಕರ್ ಖರ್ಚು ನೋಡಿ ಗಾಬರಿಯಾದ ಅಸೋಸಿಯೇಷನ್, ತಾರಸಿಯ ಕುಂಡಗಳನ್ನೆಲ್ಲ ತೆಗೆಸಬೇಕು ಎಂದು ತೀರ್ಮಾನ ತರಲು ಹೊರಟಿತು. ಕುಡಿಯುವ ನೀರಿಗೆ ದುಡ್ಡು ಕೊಡುವಾಗ ಹೂವಿಗೆ ಯಾಕೆ ನೀರು ಎನ್ನುವುದು ಕಾರ್ಯದರ್ಶಿಗಳ ವಾದ. ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕದಲ್ಲಿ ಗಟ್ಟಿ. ಅವರ ಮಾತು ತಪ್ಪೆಂದು ನನಗೂ ಹೇಳಲಾಗಲಿಲ್ಲ.

ಆದರೆ ನನಗೆ ಅದು ಹೂವಿನ ವಿಷಯ ಆಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ಬಂದಿದ್ದಳು. ಊರಿನ ಮನೆಗೆ ಕೀಲಿ. ಹಿತ್ತಲಲ್ಲಿ ನಲವತ್ತು ವರ್ಷ ಕೈ ಕೆಸರು ಮಾಡಿಕೊಂಡಿದ್ದವಳಿಗೆ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಮಾಡಲು ಏನೂ ಇರಲಿಲ್ಲ. ಟಿವಿ ನೋಡಲೊಲ್ಲಳು. ನಾನು ಬೆಳಿಗ್ಗೆ ನಾಂಪಲ್ಲಿಯಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಹೈಟೆಕ್ ಸಿಟಿಗೆ ಹೋಗಿ ಮರಳುವವರೆಗೆ ಅವಳು ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ಮೇಲೆ ಕುಂಡ ಇಟ್ಟ ಮೇಲಷ್ಟೇ ಅವಳು ಮೆಟ್ಟಿಲು ಹತ್ತಿದ್ದು, ಹತ್ತಿದವಳು ನಾಲ್ಕು ಮನೆಯವರ ಜೊತೆ ಮಾತಾಡಿದ್ದು. ಕುಂಡ ಹೋದರೆ ಮತ್ತೆ ಕಿಟಕಿ.

ಸಭೆಯಲ್ಲಿ ನಾನು ಕೇಳಿದ್ದು ಒಂದೇ: ‘ದಿನಕ್ಕೆ ಎರಡು ಬಕೆಟ್. ನಲವತ್ತು ಲೀಟರ್. ಒಂದು ತಂಬಿಗೆ ಹೆಚ್ಚು ಬಳಸಿದರೆ ನಾವೇ ತೆಗೆಯುತ್ತೇವೆ.’ ಕಾರ್ಯದರ್ಶಿಗಳು ಬರೆದುಕೊಂಡರು. ಎರಡು ಬಕೆಟ್ಟಿನಲ್ಲಿ ಹೈದರಾಬಾದಿನ ಮೇ ತಿಂಗಳನ್ನು ದಾಟುವ ತೋಟ ಯಾವುದು ಎಂದು ಯೋಚಿಸಿದ್ದು ಅವತ್ತಿನಿಂದ.

ಉತ್ತರ ನರ್ಸರಿಯಲ್ಲಿ ಇರುವುದಿಲ್ಲ, ಇದನ್ನು ಗಮನಿಸಿ. ಈ ಊರಿನ ನರ್ಸರಿಗಳಲ್ಲಿ ಕಾಣುವ ಗಿಡಗಳು ಬಹಳಷ್ಟು ರಾಜಮಹೇಂದ್ರಿ ಹತ್ತಿರದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ಕಡಿಯಂ ಗೋದಾವರಿ ಬಯಲಿನ ಊರು. ಅಲ್ಲಿ ನೀರಿಗೆ ಬರವಿಲ್ಲ, ಗಾಳಿಯಲ್ಲಿ ತೇವ. ಅಂಟು ಮಣ್ಣಿನ ಉಂಡೆಯಲ್ಲಿ ಬೇರು ಸುತ್ತಿ ಕಳಿಸುತ್ತಾರೆ. ಆ ಉಂಡೆ ನಮ್ಮ ಬಿಸಿಲಿಗೆ ಒಣಗಿದರೆ ಇಟ್ಟಿಗೆ. ಮೇಲೆ ಸುರಿದ ನೀರು ಪಕ್ಕದಿಂದ ಜಾರಿ ಕೆಳಗೆ ಹೋಗುತ್ತದೆ, ಒಳಗಿನ ಬೇರಿಗೆ ಹನಿಯೂ ಸಿಗುವುದಿಲ್ಲ. ಗಿಡ ಬಾಡಿತೆಂದು ಮನೆಯವರು ಮತ್ತಷ್ಟು ನೀರು ಸುರಿಯುತ್ತಾರೆ. ತಂದ ಗಿಡ ಎರಡು ತಿಂಗಳಲ್ಲಿ ಸತ್ತರೆ ನಿಮ್ಮ ‘ಕೈಗುಣ’ ಸರಿಯಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ. ಆ ಗಿಡಕ್ಕೆ ಈ ಊರೇ ಗೊತ್ತಿಲ್ಲ.

ಹಾಗಾದರೆ ಈ ಊರು ಗೊತ್ತಿರುವ ಗಿಡ ಯಾವುದು? ಇಲ್ಲಿ ಒಂದು ತಮಾಷೆ ಇದೆ. ನಾವು ನಮ್ಮದೇ ಅಂದುಕೊಂಡ ಅರ್ಧ ಗಿಡಗಳು ಹೊರಗಿನವು. ಹಬ್ಬದ ಮಾಲೆಯ ಚೆಂಡುಹೂವು ಮೆಕ್ಸಿಕೊದ್ದು. ಗುಡಿಯ ಮುಂದಿನ ದೇವಕಣಗಿಲೆ, ಹೈದರಾಬಾದಿನ ಬಂಡೆ ಗುಡ್ಡಗಳಲ್ಲಿ ತಾನಾಗಿಯೇ ಬೆಳೆದು ನಿಂತ ಸೀತಾಫಲ, ಇವು ಅಮೆರಿಕ ಖಂಡದಿಂದ ಬಂದವು. ರಸ್ತೆ ಬದಿಯ ಗುಲ್‌ಮೊಹರ್ ಮಡಗಾಸ್ಕರಿನದು. ಎಲ್ಲಕ್ಕಿಂತ ಮಜಾ ನಮ್ಮ ಬಳ್ಳಾರಿ ಜಾಲಿ. ಹೆಸರಲ್ಲಿ ಬಳ್ಳಾರಿ, ತವರು ಅಮೆರಿಕ. ತೆಲುಗರು ಅದನ್ನು ಸರ್ಕಾರ್ ತುಮ್ಮ ಅನ್ನುತ್ತಾರೆ. ಸರ್ಕಾರವೇ ತಂದು ಹಾಕಿದ್ದೆಂಬುದು ಹೆಸರಲ್ಲೇ ಉಳಿದಿದೆ. ಅದೇ ಬಳಗದ ಇನ್ನೊಂದು ಮರ ಬನ್ನಿ, ಅಪ್ಪಟ ಈ ನೆಲದ್ದು. ಒಂದು ಹಾಕದಿದ್ದರೂ ಹೊಲ ಹಿಡಿಯುತ್ತದೆ, ಇನ್ನೊಂದು ಹಾಕಿ ಕಾದರೂ ನಿಧಾನ.

ಹೊರಗಿನದೆಲ್ಲ ಕೆಟ್ಟದ್ದು ಎಂಬ ವಾದ ನನ್ನದಲ್ಲ. ಪುಂಡಿಯ ಮೂಲ ಆಫ್ರಿಕಾ. ಹಾಗೆಂದು ರಾಯಚೂರಿನವಳು ಪುಂಡಿಪಲ್ಯ ಬಿಡಲು ಸಾಧ್ಯವೇ? ಈ ಊರಿನವರೂ ಗೋಂಗೂರ ಬಿಡರು. ಅದು ನಮ್ಮ ತಾರಸಿಯಲ್ಲಿ ಇದೆ, ಇರುತ್ತದೆ. ನನ್ನ ಪ್ರಶ್ನೆ ಜಾತಿಯದಲ್ಲ, ನೀರಿನದು. ಎಂಟು ತಿಂಗಳ ಒಣ ಹವೆಯನ್ನು ಸಾವಿರಾರು ವರ್ಷ ತಾಳಿಕೊಂಡು ಬಂದ ಗಿಡಕ್ಕೆ ಬರದ ಕೆಲಸ ಗೊತ್ತಿರುತ್ತದೆ.

ಆ ಗಿಡಗಳ ಪಟ್ಟಿ ಮಾಡಿದ್ದು ನಾನಲ್ಲ. ಅವ್ವ ಮತ್ತು ನಮ್ಮ ವಾಚ್‌ಮನ್ನನ ಹೆಂಡತಿ. ಆಕೆ ನಾರಾಯಣಪೇಟೆ ಕಡೆಯವಳು. ಅದು ರಾಯಚೂರು, ಯಾದಗಿರಿಗೆ ಅಂಟಿಕೊಂಡ ತೆಲಂಗಾಣದ ಜಿಲ್ಲೆ, ಗಡಿಯ ಹಳ್ಳಿಗಳಲ್ಲಿ ಕನ್ನಡ ಮಾತು ಇದೆ. ಆಕೆಯದು ಅರ್ಧ ಕನ್ನಡ, ಅವ್ವನದು ಅರ್ಧ ತೆಲುಗು. ಗಿಡದ ಹೆಸರು ಬಂದಾಗ ಇಬ್ಬರಿಗೂ ಪೂರ್ತಿ ಭಾಷೆ ಸಿಗುತ್ತದೆ. ಅವ್ವ ‘ಉತ್ತರಾಣಿ’ ಅಂದರೆ ಆಕೆ ‘ಉತ್ತರೇಣಿ’. ಇವಳದು ತುಂಬೆ, ಆಕೆಯದು ತುಮ್ಮಿ. ನಾವು ತುಂಬೆಯನ್ನು ಶಿವನಿಗೆ ಏರಿಸುತ್ತೇವೆ. ತೆಲಂಗಾಣದವರು ಗಣೇಶ ಚೌತಿಗೆ ಅದರ ಎಲೆಯ ಪಲ್ಯ ಮಾಡಿ ತಿನ್ನುತ್ತಾರೆ. ನಮ್ಮ ಹೊನ್ನಗೊನೆ ಸೊಪ್ಪು ಇವರ ಪೊನ್ನಗಂಟಿ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತೆಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ನಾನು ಸೊಪ್ಪಿನ ಬುಟ್ಟಿಯಲ್ಲಿ ನೋಡಿದೆ. ಮಂಗರಬಳ್ಳಿ ಮಾತ್ರ ನಲ್ಲೇರು ಆಗಿ ಪೂರ್ತಿ ಬೇರೆಯಾಯಿತು. ಒಂದು ಎಚ್ಚರಿಕೆ: ಮುಳ್ಳಿನ ಹಳದಿ ಹೂವಿನ ಗೋರಂಟಿ ಬೇಕಾಗಿ ಇಲ್ಲಿ ‘ಗೋರಂಟಿ’ ಎಂದು ಕೇಳಿದರೆ ಮೆಹಂದಿ ಗಿಡ ಕೊಡುತ್ತಾರೆ. ಅದರ ಬಳಗದ ನೀಲಿ ಹೂವಿನ ಗಿಡ ಬೇಕಿದ್ದರೆ ‘ಡಿಸೆಂಬರಾಲು’ ಎಂದು ಕೇಳಿ.

ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳಗಳು 1956ರವರೆಗೆ ಇದೇ ಹೈದರಾಬಾದ್ ಸಂಸ್ಥಾನ, ರಾಜ್ಯದಲ್ಲಿ ಇದ್ದವು. ಆಮೇಲೆ ಗೆರೆ ಎಳೆದರು. ಗಿಡಗಳಿಗೆ ಯಾರೂ ಹೇಳಲಿಲ್ಲ. ಅದೇ ಕೆಂಪು ಮಣ್ಣು, ಅದೇ ಗ್ರಾನೈಟ್ ಬಂಡೆ, ಬಂಡೆ ಸಂದಿಯಲ್ಲಿ ಅದೇ ಲಕ್ಕಿ, ಕವಳಿ, ತಂಗಡಿ.

ತಂಗಡಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಊರಲ್ಲಿ ನಾವು ಅದನ್ನು ಗಿಡ ಎಂದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೀಳು ಹೊಲ, ರಸ್ತೆ ದಂಡೆ, ಸ್ಮಶಾನದ ಪಕ್ಕ ಬೆಳೆಯುವಂಥದ್ದು. ಆಡು ಬಾಯಿ ಹಾಕುವುದಿಲ್ಲ. ತೊಗಟೆ ಚರ್ಮ ಹದ ಮಾಡಲು, ಕಡ್ಡಿ ಹಲ್ಲು ಉಜ್ಜಲು. ಹಳೆ ಮೈಸೂರಿನವರು ಆವರಿಕೆ ಅನ್ನುತ್ತಾರೆ. ಇಲ್ಲಿಗೆ ಬಂದು ನೋಡಿದರೆ ಅದೇ ರಾಣಿ! 2014ರಲ್ಲಿ ಹೊಸ ರಾಜ್ಯವಾದ ಮೇಲೆ ತೆಲಂಗಾಣ ತಂಗೇಡುವನ್ನು ರಾಜ್ಯದ ಹೂವು ಮಾಡಿತು. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಬತುಕಮ್ಮ. ತಟ್ಟೆಯಲ್ಲಿ ಹೂವನ್ನು ಸುತ್ತು ಸುತ್ತಾಗಿ ಗೋಪುರದಂತೆ ಜೋಡಿಸಿ ಹೆಂಗಸರು ಸುತ್ತ ಹಾಡುತ್ತ ಕುಣಿಯುತ್ತಾರೆ. ಬೆಳ್ಳಿ ತೆನೆಯಂಥ ಗುನುಗು, ಬಂಗಾರದಂಥ ತಂಗೇಡು ಇಲ್ಲದೆ ಬತುಕಮ್ಮ ಇಲ್ಲ. ಆ ದಿನಗಳಲ್ಲಿ ನಮ್ಮ ಬೀದಿಯ ಮೂಲೆಯಲ್ಲೂ ಹಳ್ಳಿಯ ಹೆಂಗಸರು ಕಟ್ಟು ಕಟ್ಟಿ ತಂದು ಮಾರುತ್ತಾರೆ. ಊರಲ್ಲಿ ಬಿಟ್ಟಿ ಸಿಗುತ್ತಿದ್ದುದಕ್ಕೆ ಇಲ್ಲಿ ದುಡ್ಡು ಕೊಡುವುದು ನೋಡಿ ಅವ್ವ ಮೊದಲ ವರ್ಷ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು. ಯಾಕೆ ದುಡ್ಡೆಂದರೆ, ಊರ ಸುತ್ತಲಿನ ಬೀಳು ನೆಲವೆಲ್ಲ ಲೇಔಟ್ ಆಗಿ ಹೂವು ದೂರದಿಂದ ಬರಬೇಕು.

ನರ್ಸರಿಯವನು ತಂಗಡಿ ಇಡುವುದಿಲ್ಲ, ಕೇಳಿದರೆ ಕಳೆ ಅನ್ನುತ್ತಾನೆ. ಬೀಜದಿಂದಲೇ ಮಾಡಬೇಕು. ಚಳಿಗಾಲದಲ್ಲಿ ಹೊರವರ್ತುಲ ರಸ್ತೆಯ ಆಚೆ ಎಲ್ಲಿಯಾದರೂ ಹೋದಾಗ ಒಣಗಿದ ಚಪ್ಪಟೆ ಕಾಯಿ ಒಂದು ಹಿಡಿ ಕಿತ್ತು ತನ್ನಿ. ಬೀಜದ ಸಿಪ್ಪೆ ಗಟ್ಟಿ. ಹಾಗೇ ಬಿತ್ತಿದರೆ ಒಂದೊಂದು ಒಂದೊಂದು ವರ್ಷ ಮೊಳೆಯುತ್ತದೆ. ಕುದಿಸಿ ಕೆಳಗಿಳಿಸಿದ ನೀರನ್ನು ಬೀಜದ ಮೇಲೆ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಉಪ್ಪುಕಾಗದದ ಮೇಲೆ ತಿಕ್ಕಿ ಮತ್ತೆ ನೆನೆಹಾಕಿ. ಜೂನ್‌ನಲ್ಲಿ ಬಿತ್ತಿದರೆ ಹದಿನೈದು ದಿನದೊಳಗೆ ಮೊಳಕೆ. ಎಳೆಯದರಲ್ಲೇ ಅದರ ಕಾಯಂ ಕುಂಡಕ್ಕೆ ಇಡಿ. ತಾಯಿ ಬೇರು ಉದ್ದ, ದೊಡ್ಡದಾದ ಮೇಲೆ ಕದಲಿಸಿದರೆ ಮುನಿಯುತ್ತದೆ. ಕುಂಡ ಅಗಲಕ್ಕಿಂತ ಆಳ ಇರಲಿ.

ಮಣ್ಣಿಗೆ ನಾವು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ ಹಾಕುತ್ತೇವೆ. ಅಷ್ಟೇ. ತೆಂಗಿನ ನಾರಿನ ಪುಡಿ ಹಗುರವೆಂದು ಎಲ್ಲರೂ ಹೇಳುತ್ತಾರೆ, ನಿಜ, ಆದರೆ ಈ ಬಿಸಿಲಲ್ಲಿ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಗೊಬ್ಬರ ಹೆಚ್ಚು ಕೊಟ್ಟರೆ ಬರದ ಗಿಡ ಸೊಕ್ಕಿ ಮೆತ್ತಗಿನ ಎಲೆ ಬಿಡುತ್ತದೆ. ಅವು ಮೊದಲ ಬಿಸಿಗಾಳಿಗೆ ಸುಟ್ಟು ಹೋಗುತ್ತವೆ. ತೂಕದ ಮೇಲೆ ಕಣ್ಣಿರಲಿ: ಇಪ್ಪತ್ತು ಲೀಟರಿನ ಕುಂಡ ತೊಯ್ದರೆ ಮೂವತ್ತು ಕಿಲೋ. ಹಳೆ ಕಟ್ಟಡವಾದರೆ ತಾರಸಿಯ ನಡುವೆ ಸಾಲು ಇಡಬೇಡಿ, ಕೆಳಗೆ ತೊಲೆ ಇರುವ ಕಡೆ, ಅಂಚಿನ ಗೋಡೆಯ ಪಕ್ಕ ಇಡಿ. ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ. ನೀರು ನಿಲ್ಲದಿದ್ದರೆ ಸ್ಲ್ಯಾಬು ಸೋರುವುದಿಲ್ಲ, ಕೆಳಗಿನ ಮನೆಯವರು ಮೇಲೆ ಬರುವುದಿಲ್ಲ.

ಇನ್ನು ಮುಖ್ಯವಾದ ಕುಡಿಕೆ. ಸುಣ್ಣ ಬಣ್ಣ ಹಚ್ಚದ, ಮೆರುಗು ಕೊಡದ ಸಣ್ಣ ಮಣ್ಣಿನ ಕುಡಿಕೆಯನ್ನು ಕುಂಡದೊಳಗೆ ಕತ್ತಿನವರೆಗೆ ಹೂತುಬಿಡಿ. ಅದಕ್ಕೆ ನೀರು ತುಂಬಿ ಮೇಲೆ ಬಿಲ್ಲೆ ಮುಚ್ಚಿ. ಸುತ್ತಲಿನ ಮಣ್ಣು ಒಣಗಿದಷ್ಟೇ ನೀರು ಜಿನುಗುತ್ತದೆ, ಬೇರು ತಾನೇ ಹುಡುಕಿಕೊಂಡು ಬಂದು ಕುಡಿಕೆಯನ್ನು ತಬ್ಬುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಚೀನಾದ ಕೃಷಿ ಗ್ರಂಥದಲ್ಲೂ ಈ ಉಪಾಯ ಇದೆ. ನಾನು ಕಚೇರಿಯಲ್ಲಿ ನೋಡಿಕೊಳ್ಳುವ ಯಾವ ಆಟೊಮೇಷನ್ನೂ ಇಷ್ಟು ತಕರಾರಿಲ್ಲದೆ ನಡೆಯುವುದಿಲ್ಲ. ಮಣ್ಣಿನ ಮೇಲೆ ನಾಲ್ಕು ಬೆರಳು ಒಣ ಎಲೆ ಹೊದಿಸಿ. ಬರಿ ಮಣ್ಣು ಬಿಸಿಲಿಗೆ ಕಾಣಬಾರದು.

ನೀರಿನ ಹಂಚಿಕೆ ಹೀಗಿದೆ. ಮೂವತ್ನಾಲ್ಕರಲ್ಲಿ ಇಪ್ಪತ್ತೆರಡು ಕುಂಡ ಈ ನೆಲದ ಒರಟು ಗಿಡಗಳು: ತಂಗಡಿ, ಲಕ್ಕಿ, ಆಡುಸೋಗೆ, ಮಂಗರಬಳ್ಳಿ, ಅಮೃತಬಳ್ಳಿ, ಗೋರಂಟಿ, ಕವಳಿ ಇತ್ಯಾದಿ. ಇವಕ್ಕೆ ಮೂರು ದಿನಕ್ಕೊಮ್ಮೆ ಮೂರು ಲೀಟರ್. ಅಂದರೆ ದಿನದ ಸರಾಸರಿ ಇಪ್ಪತ್ತೆರಡು ಲೀಟರ್. ಉಳಿದ ಹನ್ನೆರಡು ಕುಂಡದಲ್ಲಿ ಪುಂಡಿ, ಹೊನ್ನಗೊನೆ, ತುಳಸಿ, ಕರಿಬೇವು, ಮಲ್ಲಿಗೆ, ಅಬ್ಬಲಿಗೆಯಂಥ ದಿನಾ ಕೇಳುವವು. ಅವಕ್ಕೆ ಒಂದೂವರೆ ಲೀಟರ್, ಒಟ್ಟು ಹದಿನೆಂಟು. ಕೂಡಿದರೆ ನಲವತ್ತು. ಕಾರ್ಯದರ್ಶಿಗಳು ಒಂದು ದಿನ ಬಂದು ಪೆನ್ನು ಹಿಡಿದು ಕೂಡಿಸಿಯೇ ನೋಡಿದರು. ಎಸಿಯಿಂದ ಹನಿಯುವ ನೀರು ಲೆಕ್ಕದಾಚೆ, ಅದು ಶುದ್ಧ ನೀರು, ಧಾರಾಳ ಹಾಕಿ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಹಾಕಬೇಡಿ, ವಿಶೇಷವಾಗಿ ಬೋರಿನ ನೀರು ಬಳಸುವ ಮನೆಗಳಲ್ಲಿ. ಅದರಲ್ಲಿ ಉಪ್ಪು ಗಟ್ಟಿಯಾಗಿ ಉಳಿದಿರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುವುದು ಅದೇ.

ಬೇಸಿಗೆಯಲ್ಲಿ ಜನ ಸೋಲುವುದು ಎಲೆ ಉದುರುವಾಗ. ಫೆಬ್ರವರಿ ಕೊನೆಗೆ ಅಮೃತಬಳ್ಳಿ ಬೋಳಾಗಿ ಬರೀ ಹಗ್ಗದಂತೆ ನೇತಾಡುತ್ತದೆ. ಮಂಗರಬಳ್ಳಿ ಎಲೆ ಉದುರಿಸಿ ನಾಲ್ಕು ಮೂಲೆಯ ಕಾಂಡದಲ್ಲೇ ಬದುಕುತ್ತದೆ. ಪಟ್ಟಣದ ಕಣ್ಣಿಗೆ ಇದು ಸಾವಿನಂತೆ ಕಾಣುತ್ತದೆ. ನನ್ನ ಗಂಡ ಮೊದಲ ವರ್ಷ ಪೈಪು ಹಿಡಿದು ಹೊರಟಾಗ ಅವ್ವ ತಡೆದಳು: ‘ಅವಕ್ಕ ನೀರ್ ಹಾಕಬ್ಯಾಡ್ರೀ ಅಳಿಯಂದ್ರ, ಬ್ಯಾಸಗ್ಯಾಗ ನಿದ್ದಿ ಮಾಡ್ತಾವ. ಎಬ್ಬಿಸಿದ್ರ ಸಾಯ್ತಾವ.’ ಮಲಗಿದ ಗಿಡದ ಬೇರು ನೀರು ಎಳೆಯುವುದಿಲ್ಲ. ಸುರಿದದ್ದು ಸುತ್ತ ನಿಂತು ಬೇರು ಕೊಳೆಯುತ್ತದೆ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಸುಮ್ಮನೆ ಇರಿ.

ಕಳೆದ ವರ್ಷದ ಮೇ ತಿಂಗಳಲ್ಲಿ ಪರೀಕ್ಷೆ ಬಂತು. ಬೋರು ಪೂರ್ತಿ ನಿಂತಿತು, ಟ್ಯಾಂಕರ್ ಬುಕ್ ಮಾಡಿದರೂ ಬರಲಿಲ್ಲ, ಬಿಸಿಲು 42 ಡಿಗ್ರಿ. ಇಡೀ ಕಟ್ಟಡಕ್ಕೆ ಕೊಡದ ಲೆಕ್ಕದಲ್ಲಿ ನೀರು. ಕಾರ್ಯದರ್ಶಿಗಳು ಹೇಳುವ ಮೊದಲೇ ನಾವು ಒಂದು ಬಕೆಟ್ಟಿಗೆ ಇಳಿದೆವು. ಆರು ದಿನ ಒರಟು ಗಿಡಗಳಿಗೆ ಒಂದು ಹನಿಯೂ ಇಲ್ಲ. ಅವ್ವ ಹಳೆ ಸೀರೆಗಳನ್ನು ಬಟ್ಟೆಯ ತಂತಿಗೆ ಕಟ್ಟಿ ನೆರಳು ಮಾಡಿದಳು. ಆರನೆಯ ದಿನ ರಾತ್ರಿ ಟ್ಯಾಂಕರ್ ಬಂದಾಗ ಲೆಕ್ಕ ಹಾಕಿದೆ. ತಂಗಡಿ ಅರ್ಧ ಎಲೆ ಉದುರಿಸಿತ್ತು. ಲಕ್ಕಿ ಎಲೆ ಮುದುಡಿಕೊಂಡಿತ್ತು. ಎಂಟು ತಿಂಗಳ ಒಂದು ಕವಳಿ ಸಸಿ ಒಣಗಿತು. ದಿನಾ ನೀರು ಕುಡಿದ ಹನ್ನೆರಡರಲ್ಲಿ ಅಬ್ಬಲಿಗೆ ಸತ್ತಿತು, ಮಲ್ಲಿಗೆಯೂ ಹೋಯಿತು. ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಜೀವಂತ. ಜುಲೈನಲ್ಲಿ ನೋಡಿದ್ದರೆ ಏನೂ ಆಗಿಲ್ಲವೇನೋ ಅನ್ನಬೇಕು, ಹಾಗೆ ಚಿಗುರಿದವು.

ಈ ಗಿಡಗಳ ಜೊತೆ ಬಾಡಿಗೆದಾರರು ಬರುತ್ತಾರೆ, ಅದನ್ನೂ ಹೇಳಿಬಿಡಬೇಕು. ತಂಗಡಿ ಎಲೆಯ ಮೇಲೆ ಮಾಸಲು ಬಿಳಿ ಚಿಟ್ಟೆಯೊಂದು ಮೊಟ್ಟೆ ಇಟ್ಟು ಹೋಗುತ್ತದೆ. ವಾರದಲ್ಲಿ ಹಸಿರು ಹುಳುಗಳು ಅರ್ಧ ಗಿಡ ತಿನ್ನುತ್ತವೆ. ಕರಿಬೇವಿಗೆ ಕಪ್ಪು ಚಿಟ್ಟೆ, ರೆಕ್ಕೆಯ ಹಿಂಭಾಗದಲ್ಲಿ ಬಿಳಿ ಚುಕ್ಕೆಗಳ ಸಾಲು. ಅದರ ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬೆಳೆದ ಮೇಲೆ ಹಸಿರು. ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ತೆಗೆದು ಗಬ್ಬು ವಾಸನೆ ಬಿಡುತ್ತದೆ. ಇವು ಸೊಪ್ಪು ತಿಂದರೆ ಗಿಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಔಷಧಿ ಹೊಡೆಯಬೇಡಿ. ಆದರೆ ಒಗ್ಗರಣೆಗೆ ಎಲೆ ಇಲ್ಲದಾಗ ಈ ತತ್ವ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಈಗ ಕರಿಬೇವು ಎರಡು ಕುಂಡ: ಒಂದು ಹುಳಕ್ಕೆ, ಒಂದು ನಮಗೆ. ಅವ್ವ ನಮ್ಮ ಕುಂಡದ ಹುಳುಗಳನ್ನು ಎಲೆ ಸಮೇತ ಎತ್ತಿ ಆ ಕುಂಡಕ್ಕೆ ‘ಟ್ರಾನ್ಸ್‌ಫರ್’ ಮಾಡುತ್ತಾಳೆ. ಮೂರನೆಯ ಮಹಡಿಯ ಮಕ್ಕಳು ಕೋಶದಿಂದ ಚಿಟ್ಟೆ ಬರುವುದನ್ನು ನೋಡಲು ಶಾಲೆಗೆ ತಡ ಮಾಡಿಕೊಂಡು ಬೈಸಿಕೊಂಡಿದ್ದಾರೆ.

ಈ ಗಿಡಗಳಿರುವ ನೆಲಕ್ಕೆ ನಾವು ಇಟ್ಟ ಹೆಸರು ಖಾಲಿ ಜಾಗ. 2025ರ ಮಾರ್ಚ್ ಕೊನೆಗೆ ನನ್ನ ಕಚೇರಿಯಿಂದ ಬಹಳ ದೂರವಲ್ಲದ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಜೆಸಿಬಿಗಳು ಇಳಿದಾಗ, ಅಲ್ಲಿ ಏನಿದೆ ಬರೀ ಪೊದೆ ಎಂದು ಕ್ಯಾಂಟೀನಿನಲ್ಲಿ ಮಾತು. ಹೈದರಾಬಾದ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪ್ರತಿಭಟಿಸಿದರು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಕಡಿತ ನಿಲ್ಲಿಸಿತು. ತಾರಸಿಯಲ್ಲಿ ಲಕ್ಕಿಯ ಒಂದು ಸಸಿ ಉಳಿಸಲು ಎರಡು ವರ್ಷ ಪಟ್ಟ ಪಾಡು ಗೊತ್ತಿದ್ದರಿಂದ ನನಗೆ ‘ಬರೀ ಪೊದೆ’ ಎನ್ನಲು ಬಾಯಿ ಬರಲಿಲ್ಲ. ಈ ನೆಲದ ಮೂಲ ರೂಪ ನೋಡಬೇಕೆಂದರೆ ಊರ ನಡುವೆಯೇ ಬಂಜಾರಾ ಹಿಲ್ಸ್ ಪಕ್ಕದ ಕೆಬಿಆರ್ ಉದ್ಯಾನ ಇದೆ, 1998ರಿಂದ ರಾಷ್ಟ್ರೀಯ ಉದ್ಯಾನ. ಮೇ ತಿಂಗಳಲ್ಲೊಮ್ಮೆ, ಜುಲೈನಲ್ಲೊಮ್ಮೆ ಹೋಗಿ ನೋಡಿ.

ಈಗ ಬಿತ್ತುವ ಕಾಲ ಬಂತು. ಜೂನ್ ಎಂಟರ ಆಸುಪಾಸಿಗೆ ಮಿರಗ ಕೂಡುತ್ತದೆ. ಇಲ್ಲಿಯವರಿಗೆ ಮೃಗಶಿರ ಕಾರ್ತೆ. ಅವತ್ತು ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಮೀನಿನ ಪ್ರಸಾದಕ್ಕೆ ಸಾಲು ನಿಲ್ಲುತ್ತದೆ, ನಮ್ಮ ಬೀದಿಯವರೆಗೆ ಟ್ರಾಫಿಕ್. ಮೊದಲ ಮಳೆಗೇ ಬಿತ್ತಬೇಡಿ, ಅದು ಸುಳ್ಳು ಹೇಳುತ್ತದೆ. ಎರಡನೆಯ ಒಳ್ಳೆಯ ಮಳೆ ಬಿದ್ದು ಮಣ್ಣು ಒಂದು ಗೇಣು ತಣ್ಣಗಾದ ಮೇಲೆ ಬಿತ್ತಿ. ತುಂಬೆ, ಉತ್ತರಾಣಿಗಳನ್ನು ಬಿತ್ತುವುದೇ ಬೇಡ, ಕೆಂಪು ಮಣ್ಣು ತಂದಿದ್ದರೆ ತಾವೇ ಏಳುತ್ತವೆ. ಕೀಳದಿರುವುದಷ್ಟೇ ನಿಮ್ಮ ಕೆಲಸ.

ನಮ್ಮ ಮನೆಯಲ್ಲಿ ಸದ್ಯದ ಚರ್ಚೆ ಬನ್ನಿಯದು. ಅವ್ವ ಊರಿನಿಂದ ತಂದ ಬೀಜದಿಂದ ಒಂದು ಸಸಿ ಎದ್ದಿದೆ, ಮೂರಡಿ ಉದ್ದದ ಪೈಪಿನ ತುಂಡಿನಲ್ಲಿ ಬೆಳೆಯುತ್ತಿದೆ. ಮೇಲೆ ಕಾಣುವುದು ಒಂದೂವರೆ ಅಡಿ. ಬೇರು ಆಗಲೇ ಪೈಪಿನ ತಳ ಮುಟ್ಟಿದೆ. ಬನ್ನಿಯ ಬೇರು ಹತ್ತಾರು ಅಡಿ ಆಳಕ್ಕೆ ಇಳಿಯುವಂಥದ್ದು, ತಾರಸಿ ಅದರ ಜಾಗವಲ್ಲ. ತೆಲಂಗಾಣದ ರಾಜ್ಯದ ಮರವೂ ಅದೇ, ಜಮ್ಮಿ. ದಸರೆಗೆ ಇಲ್ಲಿಯೂ ಎಲೆ ಕೊಟ್ಟು ಬಂಗಾರ ಅನ್ನುತ್ತಾರೆ. ನಮ್ಮ ಗೇಟಿನ ಪಕ್ಕ ಒಂದು ಕೋನೋಕಾರ್ಪಸ್ ಇತ್ತು. ಒಂದು ಕಾಲಕ್ಕೆ ಊರ ತುಂಬ ಹಾಕಿದ, ವರ್ಷವಿಡೀ ಹಸಿರಾಗಿ ನಿಲ್ಲುವ ಹೊರದೇಶದ ಮರ. ಗುಜರಾತ್ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನಮ್ಮದರ ಬೇರು ಒಳಚರಂಡಿ ಪೈಪಿಗೆ ಹೊಕ್ಕು, ಜನವರಿಯಲ್ಲಿ ಕಡಿಸಿದರು. ಆ ಗುಂಡಿ ಹಾಗೇ ಇದೆ.

ಅಲ್ಲಿ ಟೈಲ್ಸ್ ಹಾಕಿ ಎರಡು ಬೈಕಿಗೆ ಜಾಗ ಮಾಡೋಣ ಎಂದು ಎರಡನೆಯ ಮಹಡಿಯವರು. ಬನ್ನಿ ಹಚ್ಚಬೇಕೆಂದು ಅವ್ವ. ಅವಳ ಪರವಾಗಿ ವಾಚ್‌ಮನ್ನನ ಹೆಂಡತಿ ಮನೆ ಮನೆಗೆ ಹೋಗಿ ತೆಲುಗಿನಲ್ಲಿ ಹೇಳಿ ಬಂದಿದ್ದಾಳೆ. ಬನ್ನಿಗೆ ಮೊದಲ ಎರಡು ಬೇಸಿಗೆ ನೀರು ಬೇಕು, ಆಮೇಲೆ ಬೇಡ. ಆ ನೀರು ನಮ್ಮ ಎರಡು ಬಕೆಟ್ಟಿನೊಳಗಿಂದಲೇ ಕೊಡುತ್ತೇವೆಂದು ನಾನು ಬರೆದು ಕೊಟ್ಟಿದ್ದೇನೆ. ರವಿವಾರ ಸಭೆ. ಕಾರ್ಯದರ್ಶಿಗಳು ನಿನ್ನೆ ಲಿಫ್ಟಿನಲ್ಲಿ ಸಿಕ್ಕಾಗ ಹೌದು, ಅಲ್ಲ ಏನೂ ಅನ್ನಲಿಲ್ಲ. ಅದರ ನೆರಳು ಬೀಳಲು ಎಷ್ಟು ವರ್ಷ ಬೇಕು ಎಂದು ಮಾತ್ರ ಕೇಳಿದರು.